ಕೊಲಂಬೊ ಸುತ್ತಿ ಢಾಕಾಕ್ಕೆ

ಕರಾಚಿಯಿಂದ ಢಾಕಾಕ್ಕೆ ನೇರ ಗೆರೆ ಎಳೆದರೆ ದೂರ ಸುಮಾರು 2,350 ಕಿ.ಮೀ. ಜೆಟ್ ವಿಮಾನಕ್ಕೆ ಹೆಚ್ಚೆಂದರೆ ಮೂರು ಗಂಟೆಯ ಹಾದಿ. ಆದರೆ ಆ ಗೆರೆಯ ಬಹುಪಾಲು ಹಾಯುವುದು ಭಾರತದ ಮೇಲೆ. 1947ರಲ್ಲಿ ಹುಟ್ಟಿದ ಪಾಕಿಸ್ತಾನದ ಪ್ರಜೆ ತನ್ನದೇ ದೇಶದ ಇನ್ನೊಂದು ಊರಿಗೆ ಹೋಗಲು ನೆರೆಯವನ ಅಂಗಳ ದಾಟಬೇಕಿತ್ತು. ಹಡಗಿನಲ್ಲಿ ಶ್ರೀಲಂಕಾ ಸುತ್ತಿ ಚಿತ್ತಗಾಂಗ್ ಮುಟ್ಟುವುದಕ್ಕೆ ಒಂದು ವಾರವೇ ಬೇಕು. ಹಾಗಾಗಿ ಆ ದೇಶದ ಎರಡು ತುಂಡುಗಳನ್ನು ಹೊಲಿದಿಟ್ಟ ದಾರವೆಂದರೆ ವಿಮಾನವೇ. ಪಾಕಿಸ್ತಾನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್ 1954ರ ಜೂನ್‌ನಲ್ಲಿ ಈ ಎರಡು ನಗರಗಳ ನಡುವೆ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳ ತಡೆರಹಿತ ಸೇವೆ ಆರಂಭಿಸಿತು.

1965ರ ಯುದ್ಧದಲ್ಲಿ ದಾರ ಒಮ್ಮೆ ಕಡಿಯಿತು; ತಾಷ್ಕೆಂಟ್ ಒಪ್ಪಂದದ ನಂತರ 1966ರಲ್ಲಿ ಮತ್ತೆ ಬೆಸೆಯಿತು. ಎರಡನೆಯ ಸಲ ಕಡಿದದ್ದು ಯುದ್ಧದಿಂದಲ್ಲ, ಒಂದು ಪುಟ್ಟ ಫೋಕರ್ ವಿಮಾನದಿಂದ.

1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ 'ಗಂಗಾ'ವನ್ನು ಇಬ್ಬರು ಯುವಕರು ಅಪಹರಿಸಿ ಲಾಹೋರಿಗೆ ಒಯ್ದರು. ಪ್ರಯಾಣಿಕರೆಲ್ಲ ಪಾರಾದರು. ಫೆಬ್ರುವರಿ 2ರಂದು ವಿಮಾನಕ್ಕೆ ಬೆಂಕಿ ಬಿತ್ತು. ಎರಡೇ ದಿನಗಳಲ್ಲಿ ಭಾರತ ತನ್ನ ಆಕಾಶವನ್ನು ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. ಅಪಹರಣ ಭಾರತದ್ದೇ ಸಂಚು ಎಂದು ಪಾಕಿಸ್ತಾನ ದೂರಿತು, ಭಾರತ ಬೊಟ್ಟು ಮಾಡಿದ್ದು ಪಾಕಿಸ್ತಾನದತ್ತ. ಈ ವಾದ ಇಂದಿಗೂ ತಣ್ಣಗಾಗಿಲ್ಲ.

ಆಮೇಲೆ ಢಾಕಾದ ದಾರಿ ಕೊಲಂಬೊ ಮೇಲೆ. ಕರಾಚಿಯಿಂದ ಕೊಲಂಬೊಗೆ ಎಳೆದ ನೇರ ಗೆರೆಯೂ ದಕ್ಷಿಣ ಭಾರತದ ತುದಿಯನ್ನು ಸೀಳುತ್ತದೆ. ಆದ್ದರಿಂದ ವಿಮಾನಗಳು ಕರ್ನಾಟಕ, ಕೇರಳಗಳ ಕರಾವಳಿಯಾಚೆ ಸಮುದ್ರದ ಮೇಲೆಯೇ ಸಾಗಿ, ಕೊಲಂಬೊದಲ್ಲಿ ಇಂಧನ ತುಂಬಿಸಿಕೊಂಡು, ಬಂಗಾಳಕೊಲ್ಲಿಯುದ್ದಕ್ಕೂ ಉತ್ತರಕ್ಕೆ ಹಾರಬೇಕು. ಒಟ್ಟು ಸುಮಾರು 5,000 ಕಿ.ಮೀ. ಹೊತ್ತೂ ದುಪ್ಪಟ್ಟು, ಖರ್ಚೂ ದುಪ್ಪಟ್ಟು.

ಆ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಈ ಬಳಸುದಾರಿಯಲ್ಲಿ ಹೋದವರೆಲ್ಲ ಸಾಮಾನ್ಯ ಪ್ರಯಾಣಿಕರಲ್ಲ. ನಾಗರಿಕರ ಉಡುಪು ತೊಟ್ಟ ಸೈನಿಕರು ಗುಂಪುಗುಂಪಾಗಿ ಢಾಕಾದಲ್ಲಿ ಇಳಿಯುತ್ತಿದ್ದರು. ಚುನಾವಣೆಯಲ್ಲಿ ಬಹುಮತ ಪಡೆದ ಶೇಖ್ ಮುಜಿಬುರ್ ರಹಮಾನ್ ಅವರಿಗೆ ಅಧಿಕಾರ ಕೊಡಲೊಲ್ಲದ ಜನರಲ್ ಯಾಹ್ಯಾ ಖಾನ್ ಒಂದು ಕಡೆ ಮಾತುಕತೆ ನಡೆಸುತ್ತಲೇ ಇದ್ದರು.

ಮಾರ್ಚ್ 25ರ ಸಂಜೆ ಯಾಹ್ಯಾ ಸದ್ದಿಲ್ಲದೆ ಢಾಕಾ ಬಿಟ್ಟರು. ಸೇನೆಯ ದಾಳಿಗೆ ಗೊತ್ತುಮಾಡಿದ್ದ ವೇಳೆ ನಡುರಾತ್ರಿ ಕಳೆದು ಒಂದು ಗಂಟೆ. ಅಧ್ಯಕ್ಷರು ಅಷ್ಟರೊಳಗೆ ಕರಾಚಿ ತಲುಪಿರುತ್ತಾರೆ ಎಂಬ ಲೆಕ್ಕದಿಂದಲೇ ಆ ವೇಳೆ ಇಟ್ಟದ್ದೆಂದು ಆಗ ಢಾಕಾದಲ್ಲಿದ್ದ ಸೇನಾಧಿಕಾರಿ ಸಿದ್ದಿಕ್ ಸಾಲಿಕ್ ಬರೆದಿದ್ದಾರೆ. ಭಾರತದ ಆಕಾಶ ತೆರೆದಿದ್ದರೆ ಅಷ್ಟು ಹೊತ್ತು ಕಾಯಬೇಕಿರಲಿಲ್ಲ. ಕೊನೆಗೆ ಗುಂಡಿನ ಸದ್ದು ಗೊತ್ತುಮಾಡಿದ ವೇಳೆಗೂ ಮುನ್ನವೇ ಕೇಳಿಸಿತು. ಮುಜೀಬರ ಬಂಧನವೂ ಆ ರಾತ್ರಿಯೇ ಆಯಿತು.

ಆಕಾಶದ ತಕರಾರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಯಿತು. ಪಾಕಿಸ್ತಾನದ ದೂರು ಆಲಿಸುವ ಅಧಿಕಾರ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಂಡಳಿಗೆ ಇದೆ ಎಂದು ಅದು ತೀರ್ಪಿತ್ತದ್ದು 1972ರ ಆಗಸ್ಟ್ 18ರಂದು. ಅಷ್ಟರಲ್ಲಿ ಪೂರ್ವ ಪಾಕಿಸ್ತಾನವೇ ಉಳಿದಿರಲಿಲ್ಲ. ಭಾರತ–ಪಾಕ್ ನಡುವೆ ವಿಮಾನ ಸಂಚಾರ ಮತ್ತೆ ಆರಂಭವಾಗಲು 1976 ಬರಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಸುತ್ತು ಮುಜೀಬರದು. ರಾವಲ್ಪಿಂಡಿಯಿಂದ ಢಾಕಾಕ್ಕೆ ನೇರ ದೂರ ಸುಮಾರು 2,000 ಕಿ.ಮೀ. 1972ರ ಜನವರಿ 8ರಂದು ಬಿಡುಗಡೆಯಾದ ಅವರನ್ನು ಪಾಕಿಸ್ತಾನದ ವಿಮಾನ ಕರೆದೊಯ್ದದ್ದು ಲಂಡನ್ನಿಗೆ. ಅಲ್ಲಿಂದ ಬ್ರಿಟಿಷ್ ವಾಯುಪಡೆಯ ವಿಮಾನ ಹತ್ತಿ, ದೆಹಲಿಯಲ್ಲಿ ಇಳಿದು, ಅವರು ಢಾಕಾ ಸೇರಿದಾಗ ಜನವರಿ 10ರ ಮಧ್ಯಾಹ್ನ.