ಚುಕ್ಕಾಣಿ ಹಿಡಿಯುವ ಮುನ್ನ: ಅಮೆರಿಕದ ರಾಜ್ಯಗಳಲ್ಲಿ ಯಂತ್ರದೋಣಿಯ ಕಾನೂನು

ನ್ಯೂಯಾರ್ಕ್ ರಾಜ್ಯದ ಉತ್ತರಭಾಗದಲ್ಲಿರುವ ಲೇಕ್ ಜಾರ್ಜ್ 32 ಮೈಲಿ ಉದ್ದದ ಸರೋವರ. ಬೇಸಿಗೆಯಲ್ಲಿ ಊರಿನಿಂದ ಬಂದ ಹಿರಿಯರನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮ ಮನೆಯ ರೂಢಿ. ಕೆಲವು ವರ್ಷಗಳ ಹಿಂದೆ ಅಪ್ಪ ಅಮ್ಮ ಬಂದಿದ್ದಾಗ ಅರ್ಧ ದಿನಕ್ಕೆ ಪಾಂಟೂನ್ ದೋಣಿಯೊಂದನ್ನು ಬಾಡಿಗೆಗೆ ಪಡೆದೆ. ಬಾಡಿಗೆ ಕೊಟ್ಟವರು ಹತ್ತು ನಿಮಿಷ ಎಲ್ಲವನ್ನೂ ತೋರಿಸಿ ಕೀಲಿಯನ್ನು ಕೈಗಿತ್ತರು.

ದ್ವೀಪಗಳ ನಡುವಿನ ಇಕ್ಕಟ್ಟಾದ ಭಾಗವೊಂದರಲ್ಲಿ ವೇಗದ ದೋಣಿಯೊಂದು ನೇರವಾಗಿ ನಮ್ಮೆದುರು ಬಂದಿತು. ಗಾಬರಿಯಲ್ಲಿ ನಾನು ಎಡಕ್ಕೆ ತಿರುಗಿಸಿದೆ. ಹದಿನೈದು ವರ್ಷ ಅಮೆರಿಕದ ರಸ್ತೆಗಳ ಬಲಬದಿಯಲ್ಲಿ ಕಾರು ಓಡಿಸಿದ್ದವನು ನಾನು. ಆದರೆ ದೋಣಿಯ ಸ್ಟಿಯರಿಂಗ್ ನಮ್ಮೂರಿನ ಕಾರಿನಂತೆ ಬಲಗಡೆಗಿತ್ತು. ದಾವಣಗೆರೆಯಲ್ಲಿ ಕಲಿತ ಕೈ ಎಡಕ್ಕೇ ಹೋಯಿತು. ಎದುರಿನವನು ನಿಯಮದಂತೆ ತನ್ನ ಬಲಕ್ಕೆ ತಿರುಗಿದ್ದ, ಎಂದರೆ ಇಬ್ಬರೂ ಒಂದೇ ಕಡೆಗೆ. ಅವನು ಐದು ಬಾರಿ ಕಿರಿದಾಗಿ ಹಾರ್ನ್ ಊದಿ, ಎಂಜಿನ್ ಅನ್ನು ಹಿಮ್ಮುಖ ಮಾಡಿದ. ಕೆಲವೇ ಅಡಿಗಳ ಅಂತರದಲ್ಲಿ ದಾಟಿದೆವು. ಅಮ್ಮ ಮುಂಭಾಗದಲ್ಲಿ ಕುಳಿತಿದ್ದರು. ಅವರ ಜೀವರಕ್ಷಕ ಜಾಕೆಟ್ ಸೀಟಿನ ಕೆಳಗಿತ್ತು. ಅವರಿಗೆ ಈಜು ಬಾರದು.

ಪ್ರಮಾಣಪತ್ರವಿಲ್ಲದೆ ದೋಣಿ ನಡೆಸಿದ್ದರಲ್ಲಿ ನಾನು ಯಾವ ಕಾನೂನನ್ನೂ ಮುರಿದಿರಲಿಲ್ಲ ಎಂಬ ಸಂಗತಿಯೇ ಈ ಲೇಖನಕ್ಕೆ ಕಾರಣ.

ಅಮೆರಿಕದಲ್ಲಿ ವಿಹಾರದೋಣಿ ನಡೆಸಲು ದೇಶವ್ಯಾಪಿ ಪರವಾನಗಿ ಇಲ್ಲ. 1971ರ ಒಕ್ಕೂಟ ದೋಣಿ ಸುರಕ್ಷತಾ ಕಾಯಿದೆಯ ಅಡಿಯಲ್ಲಿ ದೋಣಿಯ ನಿರ್ಮಾಣ ಮತ್ತು ಸಲಕರಣೆಗಳ ಕನಿಷ್ಠ ನಿಯಮಗಳನ್ನು ಕರಾವಳಿ ರಕ್ಷಣಾ ಪಡೆಯಾದ ಕೋಸ್ಟ್ ಗಾರ್ಡ್ ನೋಡಿಕೊಳ್ಳುತ್ತದೆ. ನಡೆಸುವವರು ಏನು ಕಲಿತಿರಬೇಕು ಎಂಬುದನ್ನು ರಾಜ್ಯಗಳು ನಿರ್ಧರಿಸುತ್ತವೆ. ಹೀಗಾಗಿ ಗಡಿ ದಾಟಿದರೆ ನಿಯಮವೂ ಬದಲಾಗುತ್ತದೆ. ಫ್ಲಾರಿಡಾದಲ್ಲಿ 1988ರ ಜನವರಿ 1 ಅಥವಾ ಅನಂತರ ಹುಟ್ಟಿದವರು 10 ಅಶ್ವಶಕ್ತಿ ಅಥವಾ ಮೇಲ್ಪಟ್ಟ ದೋಣಿ ನಡೆಸಲು ಗುರುತಿನ ಕಾರ್ಡ್ ಪಡೆದಿರಬೇಕು; ಅದಕ್ಕಿಂತ ಹಿರಿಯರಿಗೆ ಬೇಕಿಲ್ಲ. ಟೆಕ್ಸಾಸ್ ಈ ಗೆರೆಯನ್ನು 1993ರ ಸೆಪ್ಟೆಂಬರ್ 1ಕ್ಕೆ ಎಳೆದಿದೆ. ಕ್ಯಾಲಿಫೋರ್ನಿಯಾ 2018ರಿಂದ ವಯಸ್ಸಿನ ಮಿತಿಯನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಿ, 2025ರಿಂದ ಎಲ್ಲ ವಯಸ್ಸಿನವರಿಗೂ ಕಾರ್ಡನ್ನು ಅನ್ವಯಿಸಿದೆ. ನ್ಯೂಜೆರ್ಸಿಯದು ಇನ್ನೂ ವಿಚಿತ್ರ: ಅಲ್ಲಿ ಸುರಕ್ಷತಾ ಪ್ರಮಾಣಪತ್ರದ ಜೊತೆಗೆ, ಉಬ್ಬರವಿಳಿತವಿಲ್ಲದ ಒಳನಾಡಿನ ನೀರಿಗೆ ಪ್ರತ್ಯೇಕ ದೋಣಿ ಲೈಸೆನ್ಸ್ ಬೇಕು. ಹುಟ್ಟಿದ ದಿನಾಂಕದ ಗೆರೆಗಳಲ್ಲಿ ನನಗೆ ಹೆಚ್ಚಿನ ತರ್ಕ ಕಾಣುವುದಿಲ್ಲ. ನಲವತ್ತೈದರ ವಯಸ್ಸಿನಲ್ಲಿ ಮೊದಲ ಬಾರಿ ದೋಣಿ ಹತ್ತುವ ನಮ್ಮಂಥವರನ್ನು ಅವು ಅನುಭವಿಗಳೆಂದೇ ಎಣಿಸುತ್ತವೆ.

ನ್ಯೂಯಾರ್ಕಿನ ಈಗಿನ ಕಾನೂನಿನ ಹಿಂದೆ ಒಂದು ಸಾವಿದೆ. 2005ರಲ್ಲಿ ಲಾಂಗ್ ಐಲ್ಯಾಂಡಿನ ಗ್ರೇಟ್ ಸೌತ್ ಬೇಯಲ್ಲಿ ದೋಣಿಗಳು ಡಿಕ್ಕಿಯಾಗಿ 11 ವರ್ಷದ ಬ್ರಿಯಾನಾ ಲೀನೆಕ್ ಮೃತಪಟ್ಟಳು. ಆಕೆಯ ತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ, 2019ರಲ್ಲಿ ಆ ಬಾಲಕಿಯ ಹೆಸರಿನ ಕಾನೂನಿಗೆ ಅಂಕಿತ ಬಿದ್ದಿತು. 2020ರಲ್ಲಿ ಕಿರಿಯರಿಂದ ಆರಂಭವಾಗಿ, 2025ರ ಜನವರಿ 1ರಿಂದ ಅದು ಯಂತ್ರದೋಣಿ ನಡೆಸುವ ಸಕಲರಿಗೂ ಅನ್ವಯಿಸಿದೆ. ಉಲ್ಲಂಘಿಸಿದರೆ 100ರಿಂದ 250 ಡಾಲರ್ ದಂಡ. ದೋಣಿಯ ನೋಂದಣಿಯು ಮೋಟಾರು ವಾಹನ ಇಲಾಖೆಯದಾದರೂ, ಈ ಪ್ರಮಾಣಪತ್ರದ ಹೊಣೆ ರಾಜ್ಯದ ಉದ್ಯಾನ ಇಲಾಖೆಯದು. ಆದರೆ ಬಾಡಿಗೆ ದೋಣಿಗೆ ವಿನಾಯಿತಿ ಉಳಿದಿದೆ: 18 ತುಂಬಿದವರಿಗೆ ಬಾಡಿಗೆ ಕೊಡುವವರು ನಡೆಸುವ ಕ್ರಮವನ್ನು ವಿವರಿಸಿದರೆ ಪ್ರಮಾಣಪತ್ರ ಬೇಕಿಲ್ಲ. ನನಗೆ ಸಿಕ್ಕಿದ್ದು ಆ ಹತ್ತು ನಿಮಿಷ. ಎಂಜಿನ್ ಶುರುಮಾಡುವುದು, ಲಂಗರು ಇಳಿಸುವುದು, ಪೆಟ್ರೋಲ್ ಮುಳ್ಳು ಎಲ್ಲಿದೆ ಎಂಬುದೆಲ್ಲ ಅದರಲ್ಲಿತ್ತು. ಎದುರು ದೋಣಿ ಬಂದರೆ ಯಾವ ಕಡೆಗೆ ತಿರುಗಬೇಕು ಎಂಬುದಿರಲಿಲ್ಲ.

ಅದನ್ನು ಕಲಿಯಲು ಮರುವರ್ಷ ತರಗತಿಗೆ ಸೇರಿದೆ. ಕುಳಿತು ಕಲಿಯುವ ತರಗತಿ ಕನಿಷ್ಠ 8 ಗಂಟೆಯದು; 10 ವರ್ಷ ತುಂಬಿದವರಾರೂ ಸೇರಬಹುದು. ನನ್ನ ಪಕ್ಕದಲ್ಲಿ ಕುಳಿತಿದ್ದವಳು ಹನ್ನೊಂದರ ಹುಡುಗಿ, ಉತ್ತರಗಳನ್ನು ನನಗಿಂತ ಬೇಗ ಹೇಳುತ್ತಿದ್ದಳು. ಅಂತರ್ಜಾಲದ ಪಾಠಗಳೂ ಇವೆ. ರಾಜ್ಯದ ಮಾನ್ಯತೆ ಇರುವುದನ್ನೇ ಆರಿಸಬೇಕು.

ತರಗತಿಯ ಸಾರವೆಂದರೆ ದಾರಿಯ ನಿಯಮಗಳು. ಎರಡು ಯಂತ್ರದೋಣಿಗಳು ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಹಾಯುವಾಗ ನಿಮ್ಮ ಬಲದಿಂದ ಬರುವ ದೋಣಿಗೆ ದಾರಿ ಬಿಡಬೇಕು. ದಾರಿ ಪಡೆದವನು ತನ್ನ ದಿಕ್ಕನ್ನೂ ವೇಗವನ್ನೂ ಹಾಗೆಯೇ ಕಾಯ್ದುಕೊಳ್ಳಬೇಕು. ರಾತ್ರಿಯಲ್ಲಿ ಇದು ಬಹಳ ಸೊಗಸಾಗಿ ಕೆಲಸ ಮಾಡುತ್ತದೆ. ದೋಣಿಯ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಬಲದಿಂದ ಅಡ್ಡ ಬರುವ ದೋಣಿಯ ಕೆಂಪು ನಿಮಗೆ ಕಾಣುತ್ತದೆ, ನಿಮ್ಮ ಹಸಿರು ಅವನಿಗೆ ಕಾಣುತ್ತದೆ. ಕೆಂಪು ಕಂಡವನು ತಡೆಯಬೇಕು, ಹಸಿರು ಕಂಡವನು ಮುಂದುವರಿಯಬೇಕು. ಹಿಂದಿಕ್ಕುವವನು ಯಾವಾಗಲೂ ತಾನೇ ದೂರ ಸರಿಯಬೇಕು. ಐದು ಕಿರುಧ್ವನಿ ಎಂದರೆ ಅಪಾಯದ ಸೂಚನೆ. ಅಂದು ಅದನ್ನು ನಾನು ಬೈಗುಳವೆಂದು ತಿಳಿದಿದ್ದೆ. ದಡದಿಂದಲೂ ಲಂಗರು ಹಾಕಿದ ದೋಣಿಗಳಿಂದಲೂ 100 ಅಡಿಯೊಳಗೆ ನ್ಯೂಯಾರ್ಕಿನಲ್ಲಿ ಗಂಟೆಗೆ 5 ಮೈಲಿ ವೇಗವೇ ಮಿತಿ. ರಕ್ತದಲ್ಲಿ ಮದ್ಯದ ಪ್ರಮಾಣದ ಮಿತಿ ಕಾರಿಗಿದ್ದಂತೆಯೇ ಶೇಕಡಾ 0.08.

2021ರ ಏಪ್ರಿಲ್ 1ರಿಂದ ಒಂದು ಒಕ್ಕೂಟ ನಿಯಮವೂ ಬಂದಿದೆ. ಎಂಜಿನ್ ನಿಲ್ಲಿಸುವ ಸ್ವಿಚ್ ಅಳವಡಿಸಿರುವ, 26 ಅಡಿಗಿಂತ ಚಿಕ್ಕದಾದ ದೋಣಿಯನ್ನು ವೇಗವಾಗಿ ಓಡಿಸುವಾಗ ನಡೆಸುವವನು ಆ ಸ್ವಿಚ್ಚಿನ ದಾರವನ್ನು ಮೈಗೆ ಸಿಕ್ಕಿಸಿಕೊಂಡಿರಬೇಕು. ಅವನು ನೀರಿಗೆ ಬಿದ್ದರೆ ಎಂಜಿನ್ ನಿಲ್ಲುತ್ತದೆ. ಇಲ್ಲವಾದರೆ ಆಳಿಲ್ಲದ ದೋಣಿ ವೃತ್ತಾಕಾರವಾಗಿ ಸುತ್ತಿ ಬಿದ್ದವನ ಮೇಲೆಯೇ ಬರಬಹುದು.

ಜಾಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಪ್ರತಿಯೊಬ್ಬರಿಗೂ ಅಳತೆಗೆ ಹೊಂದುವ ಒಂದು ಜಾಕೆಟ್ ದೋಣಿಯಲ್ಲಿರಲೇಬೇಕು. ನ್ಯೂಯಾರ್ಕಿನಲ್ಲಿ 12 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟಿರಬೇಕು. ನವೆಂಬರ್ 1ರಿಂದ ಮೇ 1ರವರೆಗಿನ ಚಳಿನೀರಿನಲ್ಲಿ 21 ಅಡಿಗಿಂತ ಚಿಕ್ಕ ದೋಣಿಯಲ್ಲಿರುವ ದೊಡ್ಡವರೂ ತೊಡಬೇಕು. ಬೇಸಿಗೆಯಲ್ಲಿ ದೊಡ್ಡವರಿಗೆ ಒತ್ತಾಯವಿಲ್ಲ. ಕೋಸ್ಟ್ ಗಾರ್ಡಿನ ವಾರ್ಷಿಕ ಅಂಕಿಅಂಶಗಳು ಹೇಳುವುದೇ ಬೇರೆ: ದೋಣಿ ಅಪಘಾತಗಳಲ್ಲಿ ಸತ್ತವರಲ್ಲಿ ಸುಮಾರು ಮುಕ್ಕಾಲು ಪಾಲು ಮುಳುಗಿ ಸತ್ತವರು, ಅವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲ. ಕಳೆದ ಬಾರಿ ಅಮ್ಮ ಬಂದಾಗ ಸೀರೆಯ ಸೆರಗನ್ನು ಒಳಗೆ ಸಿಕ್ಕಿಸಿ, ಜಾಕೆಟ್ಟಿನ ಪಟ್ಟಿಗಳನ್ನು ನಾನೇ ಬಿಗಿದೆ. "ಇದು ಅವತ್ತು ಸೀಟಿನ ಕೆಳಗಿತ್ತಲ್ಲೇನೋ?" ಎಂದು ಕೇಳಿದರು.

ಪ್ರಮಾಣಪತ್ರವನ್ನು ದೋಣಿಯಲ್ಲಿ ಜೊತೆಗೇ ಇಟ್ಟುಕೊಂಡಿರಬೇಕು. ನ್ಯೂಯಾರ್ಕಿನದಕ್ಕೆ ಅವಧಿ ಮುಗಿಯುವ ದಿನವಿಲ್ಲ. ಬೇರೆ ರಾಜ್ಯದ ನೀರಿಗೆ ಇಳಿಯುವವರು ಅಲ್ಲಿನ ವಯಸ್ಸು, ಅಶ್ವಶಕ್ತಿ ಮತ್ತು ಮಾನ್ಯತೆಯ ನಿಯಮಗಳನ್ನು ಆಯಾ ರಾಜ್ಯದ ಇಲಾಖೆಯಲ್ಲಿ ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.