ಉಪ್ಪು, ಬಿ.ಪಿ. ಮತ್ತು ಗಂಡು ಹಾರ್ಮೋನು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದೇ ಉಪ್ಪು ಹೆಚ್ಚಾದರೆ ಬಿ.ಪಿ. ಏರುತ್ತದೆ ಎಂಬುದೂ ಮಕ್ಕಳಿಗೆ ಗೊತ್ತು. ಆದರೆ ಒಂದೇ ಮನೆಯಲ್ಲಿ ಒಂದೇ ಸಾರು ಉಂಡವರಲ್ಲಿ ಒಬ್ಬರಿಗೆ ಬಿ.ಪಿ. ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ದೊಡ್ಡದು.

ಉಪ್ಪಿಗೂ ರಕ್ತದೊತ್ತಡಕ್ಕೂ ನಂಟಿದೆ ಎಂದು 1904ರಲ್ಲೇ ಫ್ರಾನ್ಸಿನ ಅಂಬಾರ್ ಮತ್ತು ಬೋಜಾರ್ ಹೇಳಿದ್ದರು. 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯ ವಾಲ್ಟರ್ ಕೆಂಪ್ನರ್, ರೋಗಿಗಳಿಗೆ ಉಪ್ಪಿಲ್ಲದ ಅನ್ನ ಮತ್ತು ಹಣ್ಣು ಕೊಟ್ಟು ಹಲವರ ಒತ್ತಡ ಇಳಿಸಿದರು.

ಮುಂದಿನ ಹೆಜ್ಜೆ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದ ಲೂಯಿಸ್ ಡಾಲ್ ಅವರದು. ಅವರು ಇಲಿಗಳಿಗೆ ಹೆಚ್ಚು ಉಪ್ಪಿನ ಆಹಾರ ತಿನ್ನಿಸಿದರು. ಕೆಲವು ಇಲಿಗಳ ಒತ್ತಡ ಏರಿತು, ಕೆಲವದು ಏರಲಿಲ್ಲ. ಎರಡು ಗುಂಪುಗಳನ್ನೂ ಬೇರೆ ಬೇರೆಯಾಗಿ ತಳಿ ಬೆಳೆಸಿದಾಗ ಕೆಲವೇ ತಲೆಮಾರುಗಳಲ್ಲಿ ಉಪ್ಪಿಗೆ ಸೋಲುವ ತಳಿ, ಉಪ್ಪನ್ನು ತಾಳುವ ತಳಿ ಎಂದು ಎರಡಾದವು. 1962ರಲ್ಲಿ ಇದು ಪ್ರಕಟವಾಯಿತು. ಉಪ್ಪಿನ ಪರಿಣಾಮದಲ್ಲಿ ಹುಟ್ಟುಗುಣದ ಪಾಲೂ ಇದೆ ಎಂದು ಹೀಗೆ ತಿಳಿಯಿತು.

ಉಪ್ಪಿಗೆ ಸೋಲುವ ತಳಿಯಲ್ಲೂ ಗಂಡು ಇಲಿಗಳ ಒತ್ತಡವೇ ಹೆಚ್ಚು. ಇದಕ್ಕೆ ಕಾರಣ ಹುಡುಕಿದವರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ಜೇನ್ ರೆಕೆಲ್‌ಹಾಫ್ ಮುಖ್ಯರು. ಹುಟ್ಟಿನಿಂದಲೇ ಬಿ.ಪಿ.ಗೆ ಗುರಿಯಾಗುವ ಬೇರೊಂದು ತಳಿಯ ಇಲಿಗಳಲ್ಲಿ ಅವರ ತಂಡ ಕಂಡದ್ದನ್ನು 1998ರಲ್ಲಿ ಪ್ರಕಟಿಸಿತು. ಮೂತ್ರಪಿಂಡವು ಒತ್ತಡ ಏರಿದಾಗ ಹೆಚ್ಚು ಉಪ್ಪನ್ನು ಹೊರಹಾಕುತ್ತದೆ. ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್ ಈ ಕೆಲಸವನ್ನು ಮಂದಗೊಳಿಸುತ್ತದೆ. ಆಗ ಅಷ್ಟೇ ಉಪ್ಪನ್ನು ಹೊರಹಾಕಲು ಹೆಚ್ಚಿನ ಒತ್ತಡ ಬೇಕಾಗುತ್ತದೆ. 2009ರಲ್ಲಿ ಅದೇ ವಿಶ್ವವಿದ್ಯಾಲಯದವರು ಡಾಲ್ ಅವರ ತಳಿಯನ್ನೇ ಪರೀಕ್ಷಿಸಿದರು. ಉಪ್ಪು ತಿಂದ ಗಂಡು ಇಲಿಗಳ ವೃಷಣ ತೆಗೆದಾಗ ಒತ್ತಡ ತಗ್ಗಿತು. ಟೆಸ್ಟೊಸ್ಟೆರಾನ್ ಕೊಟ್ಟಾಗ ಮತ್ತೆ ಏರಿತು.

ಹಾಗಾದರೆ ಉಪ್ಪಿನ ಭಯ ಗಂಡಸರಿಗೆ ಮಾತ್ರವೇ? ಅಲ್ಲ. ಇಲಿಯ ಪಾಠವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು. ಟೆಸ್ಟೊಸ್ಟೆರಾನ್ ಕಡಿಮೆಯಿರುವ ಗಂಡಸರಲ್ಲೇ ಬಿ.ಪಿ. ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಇನ್ನೊಂದೆಡೆ, 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಸ್ಟೊಸ್ಟೆರಾನ್ ಮಾತ್ರೆಯೊಂದರ ಮೇಲೆ ರಕ್ತದೊತ್ತಡ ಏರಬಹುದೆಂಬ ಎಚ್ಚರಿಕೆಯೂ ಇದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಉಪ್ಪಿನ ಪರಿಣಾಮ ಹೆಚ್ಚುತ್ತದೆ. ಅಪ್ಪನಿಗೆ ಬಿ.ಪಿ. ಇದೆಯೆಂದು ಅವರ ತಟ್ಟೆಯನ್ನಷ್ಟೇ ನೋಡಿ, ಅಮ್ಮನನ್ನೂ ಅಜ್ಜಿಯನ್ನೂ ಮರೆಯುವಂತಿಲ್ಲ.

ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂಡಿಗಳ ಉಪ್ಪೂ ಇದರಲ್ಲೇ ಸೇರಬೇಕು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿದರೆ, ಪಾಠ ಶಾಲೆಯಿಂದ ಮನೆಯ ಅಡುಗೆಮನೆಗೂ ತಲುಪೀತು.