ಪರಲೋಕ ಇಲ್ಲದಿದ್ದರೆ ಸತ್ತವರ ನ್ಯಾಯ ಯಾರ ಹೊಣೆ?

2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ರಾಜರಾಜೇಶ್ವರಿ ನಗರದ ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಮರುದಿನ ಚಾಮರಾಜಪೇಟೆಯ ಟಿ.ಆರ್. ಮಿಲ್ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಸರ್ಕಾರಿ ಗೌರವ ಇತ್ತು, ಧಾರ್ಮಿಕ ವಿಧಿ ಇರಲಿಲ್ಲ. ಅವರು ವಿಚಾರವಾದಿ ಅನ್ನೋದೇ ಕಾರಣ. ಕಣ್ಣುಗಳನ್ನು ದಾನ ಮಾಡಲಾಯಿತು.

ಕೆಂಗೇರಿಯಲ್ಲಿರುವ ನಾನು ರಾಜರಾಜೇಶ್ವರಿ ನಗರದ ಕಮಾನು ದಾಟುವಾಗೆಲ್ಲ ಒಂದು ಹಳೇ ಜಗಳ ತಲೆಗೆ ಬರುತ್ತೆ. ಸತ್ತ ಮೇಲೆ ಏನೂ ಇಲ್ಲ ಅಂದ್ರೆ ಒಳ್ಳೆಯವರಾಗಿ ಯಾಕಿರಬೇಕು? ಇದು ಕ್ರೈಸ್ತರು ಕೇಳೋ ಪ್ರಶ್ನೆ. ಅವರ ನಂಬಿಕೆಯಲ್ಲಿ ಆತ್ಮ ಉಳಿಯುವುದಷ್ಟೇ ಅಲ್ಲ, ದೇಹವೂ ಎದ್ದು ಬರುತ್ತದೆ. ಸತ್ತವರು ಏಳುವುದಿಲ್ಲ ಎಂದಾದರೆ ತಿಂದುಂಡು ಇದ್ದರಾಯಿತಲ್ಲ ಎಂಬರ್ಥದ ವಾದವನ್ನು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಎತ್ತಿದ್ದಾನೆ. ನಾಸ್ತಿಕರ ಉತ್ತರವೂ ಗೊತ್ತಿರೋದೇ: ಸ್ವರ್ಗದ ಆಸೆಗೆ ಮಾಡೋ ಒಳ್ಳೇದು ಬರೀ ವ್ಯಾಪಾರ.

ಈ ಉತ್ತರ ಅರ್ಧ ಮಾತ್ರ ಸರಿ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರ ಇದೆ. ಹಸಿದವರಿಗೆ ಊಟ ಕೊಟ್ಟೆಯಾ, ಸೆರೆಮನೆಯಲ್ಲಿದ್ದವರನ್ನು ನೋಡಲು ಹೋದೆಯಾ ಅನ್ನೋದೇ ಅಲ್ಲಿ ಲೆಕ್ಕ. ಹಾಗೆ ಮಾಡಿದವರಿಗೆ ತಾವು ಮಾಡಿದ್ದು ದೇವರಿಗೇ ಸಂದಿದೆ ಎಂಬುದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ವ್ಯಾಪಾರ ಹೇಗೆ ಆಗುತ್ತೆ? (ಅದೇ ಅಧ್ಯಾಯದಲ್ಲಿ ಶಾಶ್ವತ ಶಿಕ್ಷೆಯೂ ಇದೆ, ಅದನ್ನು ಮುಚ್ಚಿಡೋದು ಬೇಡ.)

ನಾಸ್ತಿಕರನ್ನು ನಿಜವಾಗಿ ಕಷ್ಟಕ್ಕೆ ಸಿಕ್ಕಿಸೋದು ಬೇರೆ ಪ್ರಶ್ನೆ: ಕೊಲೆಯಾದವರಿಗೆ ನ್ಯಾಯ ಎಲ್ಲಿ? ಕೊಲೆಗಾರರಿಗೆ ಶಿಕ್ಷೆಯಾದರೂ ಸತ್ತವರಿಗೆ ಅದು ತಲುಪಲ್ಲ. ದೇವರ ಬಳಿ ಆ ಲೆಕ್ಕ ಬಾಕಿ ಇದೆ ಅಂತ ಕ್ರೈಸ್ತರು ಹೇಳಬಹುದು. ನಾಸ್ತಿಕರ ಹತ್ತಿರ ಅಂಥ ಸಮಾಧಾನ ಇಲ್ಲ, ಇದೆ ಅಂತ ನಟಿಸಬಾರದು ಕೂಡ. ಅದಕ್ಕೇ ಅವರಿಗೆ ಕೋರ್ಟಿನ ವಿಳಂಬ ಇನ್ನೂ ದೊಡ್ಡ ಅನ್ಯಾಯ. ಮೇಲ್ಮನವಿಗೆ ಇನ್ನೊಂದು ಲೋಕ ಇಲ್ಲ. ಗೌರಿ ಹತ್ಯೆಯ ವಿಚಾರಣೆ ಶುರುವಾಗಿದ್ದೇ 2022ರ ಜುಲೈನಲ್ಲಿ.

ಹಾಗಂತ ನಂಬಿದವರು ಕಾಯುತ್ತಾ ಕೂರಬೇಕಾ? ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ಅನ್ನು ವರ್ಷಗಟ್ಟಲೆ ನಡೆಸಿದ್ದ ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ ಅವರನ್ನು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಯುಎಪಿಎ ಅಡಿ ಬಂಧಿಸಲಾಯಿತು. ಪುನರುತ್ಥಾನವನ್ನು ಬೋಧಿಸುವ ಸಭೆಯ ಆ ಪಾದ್ರಿ ಜಾಮೀನಿಗಾಗಿ ಬಾಂಬೆ ಹೈಕೋರ್ಟಿನ ಬಾಗಿಲು ತಟ್ಟಿದರು. 2021ರ ಜುಲೈ 5ರಂದು ಆ ಅರ್ಜಿ ವಿಚಾರಣೆಗೆ ಬಂದಾಗ ನ್ಯಾಯಮೂರ್ತಿಗಳಿಗೆ ಸಿಕ್ಕಿದ್ದು ಅವರು ತೀರಿಕೊಂಡ ಸುದ್ದಿ. ಅವರಿಗೆ 84 ವರ್ಷವಾಗಿತ್ತು.